ಸ್ಮರಣ ಸಂಚಿಕೆಗೆ ಮೊದಲು ರಿಜಿಸ್ಟರ್ ತೆರೆಯಿರಿ: ಕರಾವಳಿ ಸಭೆಗಳ ಹಿರಿಯರಿಗೊಂದು ಬಹಿರಂಗ ಪತ್ರ

ಬಾಸೆಲ್ ಮಿಷನ್ ಪರಂಪರೆಗೆ ಸೇರಿದ ಕರಾವಳಿಯ ಎಲ್ಲ ಕ್ರೈಸ್ತ ಸಭೆಗಳ ಸಭಾಪಾಲಕರಿಗೆ, ಹಿರಿಯರಿಗೆ ಮತ್ತು ಸಭಾ ಕಮಿಟಿಗಳ ಸದಸ್ಯರಿಗೆ,

ಮಾನ್ಯರೇ,

ಕ್ರಿಸ್ತ ಯೇಸುವಿನಲ್ಲಿ ವಂದನೆಗಳು. ಸಾಮುವೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನರಿಗಳು ಕಲ್ಲಿಕೋಟೆಯಲ್ಲಿ ಹಡಗಿನಿಂದಿಳಿದು, ಅಲ್ಲಿಂದ ಮುಂದೆ ಹೊರಟು ಮಂಗಳೂರನ್ನು ತಲುಪಿದ್ದು 1834ರ ಅಕ್ಟೋಬರ್ ತಿಂಗಳಲ್ಲಿ. ಆ ಲೆಕ್ಕದಲ್ಲಿ 2034ಕ್ಕೆ ಇನ್ನೂರು ವರ್ಷ ತುಂಬುತ್ತದೆ. ದಿನಗಳು ಇನ್ನೂ ಇವೆ ಎಂದು ತೋರಿದರೂ ನಮ್ಮ ಸಭೆಯಲ್ಲಿ ಆಗಲೇ ಸ್ಮರಣ ಸಂಚಿಕೆಯ ಮಾತು ಎದ್ದಿದೆ. ಸಭೆಯ ಚರಿತ್ರೆಯನ್ನು ಬರೆದುಕೊಡುವ ಕೆಲಸ, ನಾನು ಕೆಲಸದಿಂದ ನಿವೃತ್ತನಾಗಿದ್ದೇನೆ ಎಂಬ ಒಂದೇ ಅರ್ಹತೆಯ ಮೇಲೆ, ನನ್ನ ಪಾಲಿಗೆ ಬಂದಿದೆ. ಆ ಕೆಲಸಕ್ಕೆ ಕೈಹಾಕಿದ ಮೇಲೆ ಕಂಡದ್ದನ್ನು ತಮ್ಮೆಲ್ಲರ ಮುಂದೆ ಇಡಬೇಕೆನಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ. ನನ್ನ ಸಭೆಯ ಹೆಸರನ್ನು ಬೇಕೆಂದೇ ಬರೆದಿಲ್ಲ, ಏಕೆಂದರೆ ಇಲ್ಲಿ ಹೇಳಿರುವ ಸ್ಥಿತಿ ಅದೊಂದರದೇ ಎಂದು ನನಗೆ ಅನಿಸುವುದಿಲ್ಲ.

ಮೊದಲಿಗೆ, ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಸಿಕ್ಕಿದಷ್ಟು ಹಳೆಯ ಸ್ಮರಣ ಸಂಚಿಕೆಗಳನ್ನು ಒಟ್ಟುಮಾಡಿ ಓದಿದೆ. ಶತಮಾನೋತ್ಸವದವು, ನೂರಿಪ್ಪತ್ತೈದನೆಯ ವರ್ಷದವು, ದೇವಾಲಯದ ಪುನರ್ ಪ್ರತಿಷ್ಠೆಯವು ಹೀಗೆ ಹಲವು ಇದ್ದವು. ಮೊದಲ ಆರೇಳು ಪುಟಗಳು ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಮಿಷನ್ ಹುಟ್ಟಿತು. ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟ 1833ರ ಸನದಿನಿಂದಾಗಿ ಬ್ರಿಟಿಷರಲ್ಲದ ಮಿಷನರಿಗಳಿಗೂ ಕಂಪನಿ ಸರ್ಕಾರದ ಸೀಮೆಯ ಬಾಗಿಲು ತೆರೆಯಿತು. 1836ರಲ್ಲಿ ಮಿಷನರಿ ಮೋಗ್ಲಿಂಗ್ ಬಂದರು. 1841ರಲ್ಲಿ ಕಲ್ಲಚ್ಚಿನ ಮುದ್ರಣ ಶುರುವಾಯಿತು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ಹೊರಬಂತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂತು. 1894ರಲ್ಲಿ ಕಿಟ್ಟೆಲರ ನಿಘಂಟು ಅಚ್ಚಾಯಿತು. ಇವೆಲ್ಲ ನಿಜ, ಅಭಿಮಾನಪಡುವಂಥವು ಕೂಡ. ಆದರೆ ಇದು ಮಿಷನ್ನಿನ ಚರಿತ್ರೆ. ಆರನೆಯ ಪುಟದ ನಂತರ ಸಭೆಯ ಚರಿತ್ರೆ ಬರಬೇಕಾದ ಜಾಗದಲ್ಲಿ ಸಭಾಪಾಲಕರ ಹೆಸರುಗಳ ಪಟ್ಟಿ, ಗಂಟೆಗೋಪುರ ಕಟ್ಟಿದ ವರ್ಷ, ದಾನಿಗಳ ಭಾವಚಿತ್ರಗಳು ಬಂದು ಸಂಚಿಕೆ ಮುಗಿದುಹೋಗುತ್ತದೆ. ಇನ್ನೂರು ವರ್ಷ ಆ ಬೆಂಚುಗಳ ಮೇಲೆ, ಅದಕ್ಕೂ ಮೊದಲು ಚಾಪೆಗಳ ಮೇಲೆ, ಕುಳಿತು ಹಾಡಿದವರು ಯಾರು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ.

ಹೀಗಾಗಲು ಕಾರಣವೂ ಸರಳವಾಗಿಯೇ ಇದೆ. ಮಿಷನರಿಗಳು ಬರೆಯುತ್ತಿದ್ದರು. ವರ್ಷಕ್ಕೊಮ್ಮೆ ವರದಿ, ಆಗಾಗ ಕಾಗದ, ಖರ್ಚುವೆಚ್ಚದ ಲೆಕ್ಕ ಎಲ್ಲವೂ ಹಡಗು ಹತ್ತಿ ಬಾಸೆಲಿಗೆ ಹೋಗುತ್ತಿದ್ದವು, ಅಲ್ಲಿನವರು ಅವನ್ನು ಒಂದು ಹಾಳೆಯೂ ಕಳೆಯದಂತೆ ಜೋಡಿಸಿಟ್ಟರು. ಇಂದಿಗೂ ಆ ಕಾಗದಗಳು, ಸಾವಿರಾರು ಫೋಟೋಗಳು ಅಲ್ಲಿನ ಪತ್ರಾಗಾರದಲ್ಲಿವೆ, ಬಹಳಷ್ಟನ್ನು ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ನೋಡಬಹುದು. ಹಾಗಾಗಿ ಚರಿತ್ರೆ ಬರೆಯಹೊರಟವರ ಕೈಗೆ ಮೊದಲು ಸಿಗುವುದು ಅವೇ. ಬರೆದವನ ಕಣ್ಣಿಗೆ ಬಿದ್ದದ್ದು ಮಾತ್ರ ಕಾಗದಕ್ಕೆ ಇಳಿಯುವುದಷ್ಟೆ. ನಮ್ಮ ಕಡೆಯ ಬರಹ ಇರುವುದು ಬೇರೆ ಕಡೆ: ಪ್ರತಿಯೊಂದು ಹಳೆಯ ಸಭೆಯಲ್ಲೂ, ಸಭಾಪಾಲಕರು ಅಂಗಿ ಬದಲಾಯಿಸುವ ಕೋಣೆಯ ಮೂಲೆಯಲ್ಲಿ, ಒಂದು ಬೀರುವಿನಲ್ಲಿ.

ನಮ್ಮ ಸಭೆಯ ಬೀರುವಿನ ಬೀಗದ ಕೈ ಸಿಗಲು ಮೂರು ವಾರ ಹಿಡಿಯಿತು. ತೆರೆದಾಗ ಮೊದಲು ಸಿಕ್ಕಿದ್ದು ಕ್ರಿಸ್ಮಸ್ ಅಲಂಕಾರದ ಕಾಗದದ ನಕ್ಷತ್ರಗಳು, ಕೆಟ್ಟುಹೋದ ಮೈಕು, ಅವುಗಳ ಕೆಳಗೆ ರಾತ್ರಿಭೋಜನದ, ಅಂದರೆ ರೊಟ್ಟಿ ದ್ರಾಕ್ಷಾರಸದ ಸಂಸ್ಕಾರದ, ಹಳೆಯ ಬಟ್ಟಲುಗಳು. ತೀರ ತಳದಲ್ಲಿ, ಗೋಡೆಯ ಥಂಡಿ ತಾಗುವ ಕಡೆ, ಐದು ರಿಜಿಸ್ಟರುಗಳು. ದೀಕ್ಷಾಸ್ನಾನದವು ಎರಡು, ಮದುವೆಯದು ಒಂದು, ಸಮಾಧಿಯದು ಒಂದು, ಕುಟುಂಬವಾರು ಸದಸ್ಯರ ಪಟ್ಟಿ ಒಂದು. ದೀಕ್ಷಾಸ್ನಾನದ ಹಳೆಯ ಪುಸ್ತಕದ ಚರ್ಮದ ಬೆನ್ನು ಕೈಗೆ ಪುಡಿಯಾಗಿ ಹತ್ತಿತು. ಕೊನೆಯ ನಲವತ್ತು ಪುಟಗಳಷ್ಟನ್ನು ಗೆದ್ದಲು ತಿಂದು ನಡುವೆ ನದಿಯೊಂದು ಹರಿದಂತೆ ದಾರಿ ಮಾಡಿತ್ತು. ಒಂದು ಹೆಸರಿನ ಮೊದಲ ಅಕ್ಷರ ಈ ದಡದಲ್ಲಿ, ಕೊನೆಯ ಅಕ್ಷರ ಆ ದಡದಲ್ಲಿ. ಉಳಿದ ಪುಟಗಳಲ್ಲಿ ಕಪ್ಪು ಶಾಯಿ ಕಂದು ಬಣ್ಣಕ್ಕೆ ತಿರುಗಿದ್ದರೂ ಓದಲು ಬರುತ್ತದೆ. ಶುರುವಿನಲ್ಲಿ ಜರ್ಮನರ ಓರೆಯಾದ ಮುಳ್ಳುಮುಳ್ಳಿನ ಕೈಬರಹ, ಬಳಿಕ ಇಂಗ್ಲಿಷ್, ಆಮೇಲೆ ಮಿಷನರಿಗಳ ಕೈಕೆಳಗಿದ್ದ ನಮ್ಮದೇ ಬೋಧಕರ, ಅಂದರೆ ಉಪದೇಶಿಗಳ, ದುಂಡನೆಯ ಕನ್ನಡ.

ಆ ಪುಸ್ತಕದ ಒಂದು ಸಾಲನ್ನು ನಾನು ಮರೆಯಲಾರೆ. ಇಪ್ಪತ್ತೆರಡು ವರ್ಷದ ಹೆಂಗಸು, ಜೊತೆಗೆ ಎರಡು ಮಕ್ಕಳು. ಹಳೆಯ ಹೆಸರು, ಹೊಸ ಹೆಸರು, ಬಂದ ಊರು, ಜಾತಿ, ದೀಕ್ಷಾಸ್ನಾನ ಕೊಟ್ಟವರು ಯಾರು ಎಂಬ ವಿವರಗಳಾದ ಮೇಲೆ ಷರಾ ಅಂಕಣದಲ್ಲಿ ಎರಡೇ ಮಾತು: ಗಂಡ ಬರಲಿಲ್ಲ. ಆಕೆ ಏಕೆ ಬಂದಳು, ಆತ ಏಕೆ ಬರಲಿಲ್ಲ, ಆ ರಾತ್ರಿ ಆಕೆ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿ ಮಲಗಿದಳು ಎಂಬುದನ್ನು ಯಾವ ವಾರ್ಷಿಕ ವರದಿಯೂ ಹೇಳಿಲ್ಲ. 1844ರ ಜನವರಿ 6ರಂದು ಆನಂದರಾವ್ ಕೌಂಡಿನ್ಯರು ಸಾರಸ್ವತ ಬ್ರಾಹ್ಮಣರ ಮನೆಯಿಂದ ಬಂದು ದೀಕ್ಷಾಸ್ನಾನ ಪಡೆದಾಗ ಮಂಗಳೂರಿನ ಪೇಟೆಯಲ್ಲಿ ದೊಡ್ಡ ಗದ್ದಲವೆದ್ದಿತು. ಅವರು ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಅಭಿಷಿಕ್ತರಾಗಿ ಮರಳಿದರು. ಅವರ ಕಥೆಯನ್ನು ಎಷ್ಟೋ ಜನ ಬರೆದಿದ್ದಾರೆ, ಬರೆಯಬೇಕಾದದ್ದೇ. ಆದರೆ ಗದ್ದಲವಿಲ್ಲದೆ ಬಂದ ಈ ಹೆಂಗಸಿನಂಥವರಿಂದಲೇ ನಮ್ಮ ಸಭೆಗಳು ತುಂಬಿದವು. ಆಕೆಗೆ ಇರುವ ಒಂದೇ ದಾಖಲೆ ಆ ಸಾಲು. ಅದರ ಮೇಲೆ ಕೆಟ್ಟ ಮೈಕನ್ನು ಇಟ್ಟಿದ್ದೆವು.

ರಿಜಿಸ್ಟರನ್ನು ಸಾವಧಾನದಿಂದ ಓದಿದರೆ ಪಾಠಪುಸ್ತಕಗಳು ಹೇಳದ ಸಂಗತಿಗಳು ತಾವಾಗಿಯೇ ಕಾಣಿಸಿಕೊಳ್ಳುತ್ತವೆ. ನಮ್ಮವರಲ್ಲಿ ಬಹುಪಾಲು ತುಳು ಮಾತನಾಡುವ ಬಿಲ್ಲವ ಮನೆಗಳಿಂದ ಬಂದವರು. ಅಲ್ಲಿ ನಡೆಯುತ್ತಿದ್ದದ್ದು ಅಳಿಯಕಟ್ಟು. ಆಸ್ತಿಯೂ ಬರಿಯೂ, ಅಂದರೆ ಕುಲದ ಹೆಸರೂ, ತಾಯಿಯ ಕಡೆಯಿಂದ ಇಳಿಯುತ್ತಿದ್ದವು. ಹಳೆಯ ಪುಸ್ತಕದ ಮೊದಲ ಪುಟಗಳಲ್ಲಿ ಒಬ್ಬಾತನ ಬರಿ ಆತನ ತಾಯಿಯದು. ಎರಡನೆಯ ತಲೆಮಾರಿಗೆ ಬರುವಷ್ಟರಲ್ಲಿ ಅದೇ ಬರಿ ಮನೆತನದ ಹೆಸರಾಗಿ ನಿಂತು ತಂದೆಯಿಂದ ಮಕ್ಕಳಿಗೆ ಇಳಿಯತೊಡಗುತ್ತದೆ. ಇಂದು ನಮ್ಮ ನಡುವೆ ಕೋಟ್ಯಾನ್, ಸಾಲ್ಯಾನ್ ಎಂಬ ಅಡ್ಡಹೆಸರುಳ್ಳ ಕ್ರೈಸ್ತರು ಅದನ್ನು ಅಪ್ಪನಿಂದ ಪಡೆದಿರುತ್ತಾರೆ, ಪಕ್ಕದ ಬಿಲ್ಲವ ಮನೆಯವರು ಅದೇ ಹೆಸರನ್ನು ಅಮ್ಮನಿಂದ ಪಡೆದಿರುತ್ತಾರೆ. ಎರಡು ಮನೆಗಳ ನಡುವಿನ ಈ ತಿರುವು ಎಲ್ಲಿ, ಯಾವ ವರ್ಷ, ಯಾರ ಕೈಯಲ್ಲಿ ಆಯಿತು ಎಂಬುದನ್ನು ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಬೆರಳಿಟ್ಟು ತೋರಿಸಬಹುದು. ಸಮಾಜಶಾಸ್ತ್ರ ಓದಿದವರಿಗೆ ಇದು ಎಷ್ಟು ಬೆಲೆಯ ಸಂಗತಿಯೋ ನನಗೆ ತಿಳಿಯದು; ಹೆಣ್ಣುಮಕ್ಕಳು ಇದರಿಂದ ಕಳೆದುಕೊಂಡದ್ದು ಏನೆಂಬುದನ್ನಂತೂ ಸಂಚಿಕೆಯಲ್ಲಿ ಯಾರಾದರೂ ಬರೆಯಬೇಕು.

ಆಸ್ತಿಯ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಮತ ಬದಲಾಯಿಸಿದವನ ಹಕ್ಕು ಹೋಗಕೂಡದೆಂದು 1850ರ 21ನೆಯ ಕಾಯಿದೆ ಹೇಳಿತು. ಕಾಯಿದೆಯ ಪುಸ್ತಕದಲ್ಲಿ ಹಾಗೆ ಇದ್ದರೂ ಕುಟುಂಬದ ಮನೆಯ ಜಗಲಿಯಲ್ಲಿ ಬೇರೆಯೇ ನಡೆಯುತ್ತಿತ್ತು. ಮನೆಯಿಂದ ಹೊರಗೆ ಬಿದ್ದವನಿಗೆ ಗೇಣಿಯ ಗದ್ದೆ ಹೋಯಿತು, ಶೇಂದಿ ಇಳಿಸುವ ಮೂರ್ತೆಯ ತೆಂಗಿನ ಮರ ಹೋಯಿತು, ಬಾವಿಯ ಹಗ್ಗವೂ ಹೋಯಿತು. ಆ ಕಸುಬನ್ನು ಮಿಷನ್ನೇ ಒಪ್ಪುತ್ತಿರಲಿಲ್ಲ. ಇಂಥವರ ಹೊಟ್ಟೆಪಾಡಿಗಾಗಿಯೇ ಮಿಷನ್ನಿನವರು ಮೊದಲು ನೇಯ್ಗೆ, ಮುದ್ರಣ, ಪುಸ್ತಕ ಕಟ್ಟುವ ಕೆಲಸಗಳನ್ನು, ಕೊನೆಗೆ ಹಂಚನ್ನು ಹುಡುಕಿಕೊಂಡರು. ಮಂಗಳೂರಿನ ಬಲ್ಮಠದ ನೇಯ್ಗೆ ಮನೆಯಲ್ಲಿ ಹಾಲರ್ ಎಂಬವರು ಬಟ್ಟೆಗೆ ಹಾಕಿಸಿದ ಖಾಕಿ ಬಣ್ಣದ ಕಥೆ ಎಲ್ಲರಿಗೂ ಗೊತ್ತಿದೆ. ಮುದ್ರಣಾಲಯದ ಕೆಲಸಕ್ಕೆ ಬಂದಿದ್ದ ಪ್ಲೆಬ್ಸ್ಟ್ ನೇತ್ರಾವತಿಯ ದಂಡೆಯ ಜೇಡಿಯನ್ನು ಪರೀಕ್ಷಿಸಿ ಹಂಚು ಸುಡಿಸಿದ್ದು 1865ರಲ್ಲಿ. ಹೊಟ್ಟೆಪಾಡಿಗಾಗಿ ಮತ ಬಿಟ್ಟವರು ಎಂದು ನಮ್ಮನ್ನು ಕುಹಕವಾಡುವವರಿಗೆ ನಾನು ಮಾತಿನಲ್ಲಿ ಉತ್ತರ ಕೊಡುವುದಿಲ್ಲ, ದೀಕ್ಷಾಸ್ನಾನದ ತಾರೀಕನ್ನೂ ಕಾರ್ಖಾನೆ ಶುರುವಾದ ತಾರೀಕನ್ನೂ ಪಕ್ಕಪಕ್ಕದಲ್ಲಿ ಇಡುತ್ತೇನೆ. ಮೊದಲ ಸಭೆಗೂ ಮೊದಲ ಹಂಚಿಗೂ ನಡುವೆ ಒಂದು ತಲೆಮಾರು ಕಳೆದಿತ್ತು.

ಆದರೆ ರಿಜಿಸ್ಟರು ನಮ್ಮ ಪರವಾಗಿ ಮಾತ್ರ ಸಾಕ್ಷಿ ಹೇಳುವುದಿಲ್ಲ, ಇದನ್ನೂ ಒಪ್ಪಿಕೊಳ್ಳಬೇಕು. ಕೂಲಿ ಕೊಡುವವರೂ ಶಿಸ್ತು ವಿಧಿಸುವವರೂ ಒಂದೇ ಮಿಷನ್ನಿನವರಾಗಿದ್ದ ಕಾಲವದು. ನಮ್ಮ ಕುಟುಂಬವಾರು ಪಟ್ಟಿಯ ಅಂಚಿನಲ್ಲಿ, ಇಂಥವರನ್ನು ರಾತ್ರಿಭೋಜನದಿಂದ ತಡೆಹಿಡಿಯಲಾಗಿದೆ ಎಂಬ ಟಿಪ್ಪಣಿಗಳು ಮತ್ತೆ ಮತ್ತೆ ಬರುತ್ತವೆ. ಕಾರಣಗಳು: ಕುಡಿತ, ಸಾಲ, ತಮ್ಮನ ಮನೆಯ ಭೂತಕೋಲಕ್ಕೆ ಹೋಗಿ ನಿಂತದ್ದು, ಮಗಳನ್ನು ಹಳೆಯ ಸಂಬಂಧಿಕರಿಗೆ ಕೊಟ್ಟು ಮದುವೆ ಮಾಡಿದ್ದು. ಕೆಲವರು ತಪ್ಪೊಪ್ಪಿಗೆ ಮಾಡಿ ಮರಳಿದ್ದಾರೆ, ಕೆಲವರ ಹೆಸರಿನ ಮೇಲೆ ಒಂದು ಅಡ್ಡಗೀಟು. ಆ ಅಡ್ಡಗೀಟಿನ ಆಚೆಗೆ ಹೋದವರ ಮಕ್ಕಳು ಇಂದು ಎಲ್ಲಿದ್ದಾರೋ. ಅಂಥ ಪುಟಗಳನ್ನು ಸಂಚಿಕೆಗೆ ಹಾಕುವುದು ಬೇಡ, ಸಭೆಯ ಮಾನ ಹೋಗುತ್ತದೆ ಎಂದು ನಮ್ಮ ಕಮಿಟಿಯಲ್ಲಿ ಒಬ್ಬ ಹಿರಿಯರು ಹೇಳಿದರು. ಅವರ ಮೇಲೆ ನನಗೆ ಗೌರವವಿದೆ. ಹೆಸರುಗಳನ್ನು ಬಿಟ್ಟುಬಿಡೋಣ ಎಂದರೆ ನಾನೂ ಒಪ್ಪುತ್ತೇನೆ. ಸಂಗತಿಯನ್ನೇ ಬಿಡೋಣ ಎಂದರೆ ಒಪ್ಪಲಾರೆ. ತಮ್ಮನ ಮನೆಯ ಕೋಲಕ್ಕೆ ಹೋಗಿ ನಿಂತವನಿಗೆ ಅವನ ತಮ್ಮ ತಮ್ಮನೇ ಆಗಿದ್ದ. ಹೊಸ ಸಭೆಗೂ ಹಳೆಯ ಮನೆಗೂ ನಡುವೆ ನಿಂತ ಅವನ ಸಂಕಟವೇ ನಮ್ಮ ಚರಿತ್ರೆಯ ಮುಖ್ಯ ಅಧ್ಯಾಯ ಎಂದು ನನ್ನ ಅಭಿಪ್ರಾಯ.

ಭಾಷೆಯ ವಿಷಯವೂ ಹಾಗೆಯೇ. ಗ್ರೈನರ್ ಮತ್ತು ಜೊತೆಯ ಮಿಷನರಿಗಳು ತುಳು ಕಲಿತು ಹೊಸ ಒಡಂಬಡಿಕೆಯನ್ನು ತುಳುವಿಗೆ ತಂದರು, ಅದು ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ಇಷ್ಟನ್ನು ಎಲ್ಲ ಸಂಚಿಕೆಗಳೂ ಹೇಳುತ್ತವೆ. ಮನೆಯಲ್ಲಿ ತುಳು, ಆರಾಧನೆಯಲ್ಲಿ ಕನ್ನಡ, ರಿಜಿಸ್ಟರಿನಲ್ಲಿ ಜರ್ಮನ್ ಎಂಬ ಮೂರು ಭಾಷೆಗಳ ನಡುವೆ ಒಂದು ಸಭೆ ದಿನ ದೂಡಿದ್ದು ಹೇಗೆ ಎಂಬುದನ್ನು ಮಾತ್ರ ಯಾವುದೂ ಹೇಳುವುದಿಲ್ಲ. ಒಂದೇ ಹೆಸರನ್ನು ನಾಲ್ಕು ಬಗೆಯಲ್ಲಿ ಬರೆದಿರುವುದನ್ನು ನಾನು ಎಣಿಸಿದ್ದೇನೆ. ಬರೆಯುತ್ತಿದ್ದವರ ಕಿವಿಗೂ ಹೇಳುತ್ತಿದ್ದವರ ಬಾಯಿಗೂ ಹೊಂದಿಕೆಯಾಗಲು ಮೂವತ್ತು ವರ್ಷ ಹಿಡಿದಿದೆ.

1914ರ ಯುದ್ಧದ ಕಾಲದ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕೆಂದು ಬಿನ್ನಹ. ಯುದ್ಧ ಶುರುವಾದ ಮೇಲೆ ಜರ್ಮನ್ ಮಿಷನರಿಗಳು ಶತ್ರು ದೇಶದ ಪ್ರಜೆಗಳೆನಿಸಿಕೊಂಡರು. ಹಲವರನ್ನು ಅಹಮದ್‌ನಗರದ ಶಿಬಿರದಲ್ಲಿ ಇಟ್ಟರು, ಬಳಿಕ ಹಡಗು ಹತ್ತಿಸಿ ಊರಿಗೆ ಕಳಿಸಿದರು. ಹಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ ಬ್ರಿಟಿಷರ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಸಂಚಿಕೆಗಳಲ್ಲಿ ಈ ವರ್ಷಗಳಿಗೆ ಸಿಗುವುದು ಒಂದು ಪ್ಯಾರಾ, ಅದೂ ದುಃಖದ ದನಿಯಲ್ಲಿ: ಬಿಳಿಯ ಅಯ್ಯನವರು ಹೋದರು, ಸಭೆ ಅನಾಥವಾಯಿತು. ನಮ್ಮ ರಿಜಿಸ್ಟರು ಹೇಳುವುದೇ ಬೇರೆ. ಆ ವರ್ಷಗಳಲ್ಲಿ ದೀಕ್ಷಾಸ್ನಾನಗಳು ನಿಂತಿಲ್ಲ, ಮದುವೆಗಳು ನಿಂತಿಲ್ಲ, 1918ರ ಜ್ವರದ ತಿಂಗಳುಗಳಲ್ಲಿ ಸಮಾಧಿಯ ಪುಟಗಳು ಒಂದರ ಹಿಂದೊಂದು ತುಂಬಿವೆ. ಸಹಿಯ ಜಾಗದಲ್ಲಿ ಮಾತ್ರ ಜರ್ಮನ್ ಹೆಸರು ಹೋಗಿ ನಮ್ಮೂರ ಹೆಸರು ಬಂದಿದೆ. ಅಯ್ಯನವರ ಪಕ್ಕದಲ್ಲಿ ಉಪದೇಶಿಯೆಂದು ಎರಡನೆಯ ಸಾಲಿನಲ್ಲಿ ನಿಂತಿದ್ದವರೇ ಹೆಣ ಹೂಳಿದರು, ಕೂಸುಗಳ ತಲೆಗೆ ನೀರು ಹನಿಸಿದರು, ಕಾಣಿಕೆಯ ಕಾಸನ್ನು ಎಣಿಸಿ ಲೆಕ್ಕ ಬರೆದಿಟ್ಟರು. ಮಿಷನ್ನಿನ ಚರಿತ್ರೆ ತುಂಡಾದ ಆ ಜಾಗದಲ್ಲಿಯೇ ಸಭೆಯ ಚರಿತ್ರೆ ತನ್ನ ಕಾಲ ಮೇಲೆ ನಿಂತಿರುವುದನ್ನು ನಾನು ಕಂಡೆ. ಅವರಲ್ಲಿ ಒಬ್ಬರ ಫೋಟೋವೂ ನಮ್ಮ ಗೋಡೆಯ ಮೇಲಿಲ್ಲ.

1947ರ ಸೆಪ್ಟೆಂಬರಿನಲ್ಲಿ ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಉದಯವಾದದ್ದು, ನಮ್ಮವರು ಅದರೊಳಗೆ ಸೇರಿದ್ದು ಆಮೇಲೆ, ಸೇರುವಾಗ ಎದ್ದ ಆಸ್ತಿಯ ಪ್ರಶ್ನೆಗಳು, ಇವೆಲ್ಲ ತಮಗೆ ನನಗಿಂತ ಚೆನ್ನಾಗಿ ಗೊತ್ತು; ಅವುಗಳ ಕಡತ ದಪ್ಪವಾಗಿಯೂ ಭದ್ರವಾಗಿಯೂ ಇರುತ್ತದೆ. ಜಾಗದ ಕಾಗದಪತ್ರಗಳಿಗೆ ಕೊಡುವ ಕಬ್ಬಿಣದ ಪೆಟ್ಟಿಗೆಯಲ್ಲಿ ಅರ್ಧವನ್ನಾದರೂ ಜನರ ಕಾಗದಪತ್ರಗಳಿಗೆ ಕೊಡಬಾರದೇ ಎಂಬುದಷ್ಟೇ ನನ್ನ ಪ್ರಶ್ನೆ.

ಇಷ್ಟನ್ನು ಬರೆಯಲು ಒಂದು ನೋವೂ ಕಾರಣ. ಸುಣ್ಣಬಣ್ಣ ಮಾಡಿಸಿದ ವರ್ಷ ಕೋಣೆ ಖಾಲಿ ಮಾಡುವಾಗ ಕೆಲವು ಹಳೆಯ ಕಟ್ಟುಗಳು ಗುಜರಿಯವನ ಗಾಡಿ ಹತ್ತಿವೆ ಎಂದು ದೇವಾಲಯದ ಕೆಲಸ ನೋಡಿಕೊಳ್ಳುವವರು ಹೇಳಿದರು. ಅವುಗಳಲ್ಲಿ ಹಿರಿಯರ ಸಭೆಯ ನಡಾವಳಿ ಪುಸ್ತಕಗಳೂ ಇದ್ದಿರಬೇಕು, ಏಕೆಂದರೆ 1930ಕ್ಕೆ ಹಿಂದಿನ ಒಂದೂ ಈಗ ಬೀರುವಿನಲ್ಲಿಲ್ಲ. ಯಾರ ಮೇಲೂ ದೂರು ಹೇಳುತ್ತಿಲ್ಲ. ಆ ವರ್ಷ ಕಮಿಟಿಯಲ್ಲಿ ನಾನೂ ಇದ್ದೆ, ಬಣ್ಣ ಯಾವುದಿರಬೇಕೆಂದು ಒಂದು ಗಂಟೆ ಚರ್ಚೆ ಮಾಡಿದವರಲ್ಲಿ ನಾನೂ ಒಬ್ಬ.

ಆದ್ದರಿಂದ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ, ಸಂಚಿಕೆಯ ಸಂಪಾದಕ ಮಂಡಳಿ ಮಾಡುವುದಕ್ಕೆ ಮೊದಲು ಬೀರುವನ್ನು ತೆರೆಸಿ, ಏನೇನಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿ, ಅದರ ಒಂದು ಪ್ರತಿಯನ್ನು ಸಭಾಪಾಲಕರ ಬಳಿ, ಇನ್ನೊಂದನ್ನು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಇಡಿ. ಮದುವೆಯ ರಿಜಿಸ್ಟರಿಗೆ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ ಕಟ್ಟುಪಾಡಿದೆಯೆಂದು ಅದೊಂದನ್ನು ಜೋಪಾನ ಮಾಡುತ್ತೇವೆ. ಉಳಿದವುಗಳಿಗೆ ಕಾಯಿದೆಯ ಹೆದರಿಕೆ ಇಲ್ಲದಿದ್ದರೂ ಅದೇ ಜೋಪಾನ ಸಲ್ಲಬೇಕು. ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದು, ಕೆಳಗೆ ಮರದ ಹಲಗೆ ಕೊಟ್ಟು, ಪುಸ್ತಕಗಳನ್ನು ನಿಲ್ಲಿಸುವ ಬದಲು ಮಲಗಿಸಿ, ಒಗೆದ ಹತ್ತಿಯ ಬಟ್ಟೆಯಲ್ಲಿ ಸುತ್ತಿಟ್ಟರೆ ನಾಲ್ಕು ಮಳೆಗಾಲ ಹೆಚ್ಚು ಬಾಳುತ್ತವೆ. ಹರಿದ ಪುಟಕ್ಕೆ ದಯವಿಟ್ಟು ಅಂಟುಪಟ್ಟಿ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಒಳ್ಳೆಯ ಮನಸ್ಸಿನಿಂದ ಮಾಡಿದ ಇಂಥ ರಿಪೇರಿಯಿಂದ ಹಾಳಾದ ಎರಡು ಪುಟಗಳನ್ನು ನಾನೇ ನೋಡಿದ್ದೇನೆ. ಯುವಜನ ಸಂಘದ ಹುಡುಗರು ಒಂದು ಶನಿವಾರ ಕಿಟಕಿಯ ಬೆಳಕಿನಲ್ಲಿ ಕುಳಿತರೆ ಮೊಬೈಲಿನಲ್ಲೇ ಒಂದು ರಿಜಿಸ್ಟರಿನ ಎಲ್ಲ ಪುಟಗಳ ಫೋಟೋ ತೆಗೆಯಬಹುದು. ಮೂಲ ಪುಸ್ತಕವನ್ನು ಮಾತ್ರ, ಎಷ್ಟೇ ದೊಡ್ಡ ಸಂಶೋಧಕರು ಕೇಳಿದರೂ, ಮನೆಗೆ ಕೊಟ್ಟು ಕಳಿಸಬಾರದು. ಬದುಕಿರುವವರ, ಅವರ ತಂದೆತಾಯಿಗಳ ವಿವರಗಳು ಬೀದಿಗೆ ಬರುವುದು ಸಲ್ಲದಾದ್ದರಿಂದ ಕಳೆದ ಎಪ್ಪತ್ತೈದು ವರ್ಷಗಳ ಪುಟಗಳನ್ನು ಆಯಾ ಮನೆಯವರಿಗೆ ಮಾತ್ರ ತೋರಿಸುವುದೆಂದು ನಿಯಮ ಮಾಡಿಕೊಳ್ಳಬಹುದು.

ಸ್ಮಶಾನದ ಕಲ್ಲುಗಳ ಬಗ್ಗೆಯೂ ಒಂದು ಮಾತು. ಜಾಗ ಸಾಲದೆಂದು ಹಳೆಯ ಸಮಾಧಿಗಳನ್ನು ತೆಗೆದು ಸಿಮೆಂಟು ಹಾಕುವ ಕೆಲಸ ಹಲವು ಕಡೆ ನಡೆಯುತ್ತಿದೆ, ಅನಿವಾರ್ಯವೂ ಇರಬಹುದು. ತೆಗೆಯುವ ಮೊದಲು ಮೇಲಿನ ಬರಹವನ್ನು ಬರೆದುಕೊಳ್ಳಲು ಒಂದು ದಿನ ಸಾಕು. ಹೊಸ ದೇವಾಲಯಕ್ಕಾಗಿ ಹಳೆಯದನ್ನು ಇಳಿಸುವವರು ಮಾಡಿನ ಹಂಚುಗಳಲ್ಲಿ ಹತ್ತನ್ನಾದರೂ ಎತ್ತಿಡಿ. ಅವುಗಳ ಬೆನ್ನ ಮೇಲೆ ಬಾಸೆಲ್ ಮಿಷನ್ನಿನ ಹೆಸರೂ 1865 ಎಂಬ ಅಂಕಿಯೂ ಉಬ್ಬಿ ನಿಂತಿರುತ್ತವೆ. ಹಾಗೆ ಎತ್ತಿಟ್ಟ ಒಂದು ಹಂಚು ನನ್ನ ಮನೆಯಲ್ಲಿದೆ. ಅದರ ಒಂದು ಮೂಲೆಯಲ್ಲಿ, ಜೇಡಿ ಹಸಿಯಿದ್ದಾಗ ಒತ್ತಿದ ಯಾರದೋ ಹೆಬ್ಬೆರಳಿನ ಗುರುತು ಸುಟ್ಟು ಗಟ್ಟಿಯಾಗಿ ಕುಳಿತಿದೆ. ಸಹಿ ಹಾಕಲು ಬಾರದೆ ಮದುವೆಯ ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿದ ಹಂಚಿನ ಕಾರ್ಖಾನೆಯ ಕೆಲಸದವರ ಗುರುತುಗಳನ್ನು ಆ ಪುಸ್ತಕದಲ್ಲಿ ನೋಡುವಾಗಲೆಲ್ಲ ನನಗೆ ಈ ಹಂಚು ನೆನಪಾಗುತ್ತದೆ.

ಎಂಬತ್ತು ದಾಟಿದ ಅಜ್ಜಿಯರ ಮನೆಗೆ ಸಂಜೆ ಹೋಗಿ ಕುಳಿತು, ಅವರು ತುಳುವಿನಲ್ಲಿ ಹೇಳಿದ್ದನ್ನು ತುಳುವಿನಲ್ಲೇ ರೆಕಾರ್ಡ್ ಮಾಡುವ ಕೆಲಸವನ್ನು ಸ್ತ್ರೀಯರ ಸಂಘದವರು ವಹಿಸಿಕೊಂಡರೆ ಚೆನ್ನ. ಇದಕ್ಕೆ 2034ರವರೆಗೆ ಕಾಯುವಂತಿಲ್ಲ. ಕಳೆದ ವರ್ಷ ನಾನು ನೋಡಬೇಕೆಂದು ಪಟ್ಟಿ ಮಾಡಿಕೊಂಡಿದ್ದ ಏಳು ಮಂದಿಯಲ್ಲಿ ಇಬ್ಬರ ಹೆಸರು ಈಗ ಸಮಾಧಿಯ ರಿಜಿಸ್ಟರಿನಲ್ಲಿದೆ.

ಈ ಪತ್ರವನ್ನು ತಮ್ಮ ತಮ್ಮ ಸಭಾ ಕಮಿಟಿಯ ಮುಂದಿನ ಕೂಟದಲ್ಲಿ ಓದಿಸಬೇಕೆಂದು ವಿನಂತಿ. ಹಳೆಯ ಜರ್ಮನ್ ಕೈಬರಹವನ್ನು ಅಷ್ಟಿಷ್ಟು ಓದಲು ನಾನು ಕಲಿತಿದ್ದೇನೆ, ಕರೆದಲ್ಲಿಗೆ ಬಸ್ಸು ಹಿಡಿದು ಬರಲು ಸಿದ್ಧನಿದ್ದೇನೆ, ಮಧ್ಯಾಹ್ನದ ಊಟದ ಏರ್ಪಾಡೂ ಬೇಡ. ನಾನು ಬರುವ ಹೊತ್ತಿಗೆ ಬೀರುವಿನ ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು ಮಾತ್ರ ವಿಚಾರಿಸಿಟ್ಟಿರಬೇಕು.

ಇತಿ ತಮ್ಮ ವಿಶ್ವಾಸಿ,
ಕರಾವಳಿಯ ಒಂದು ಸಭೆಯ ಸದಸ್ಯ